ಎಂಟನೇ ಕ್ಲಾಸಿನಲ್ಲಿ ಹಿಡಿದ ಅಂಜಿಕೆ: ಇದು ಸ್ವಭಾವವೇ, ಕಾಯಿಲೆಯೇ?

ಪ್ರಶ್ನೆ: ನನಗೀಗ 32 ವರ್ಷ. ಚಿಕ್ಕಂದಿನಲ್ಲಿ ತುಂಬಾ ಮಾತಾಡುತ್ತಿದ್ದೆನಂತೆ. ಎಂಟನೇ ಕ್ಲಾಸಿನಲ್ಲಿ ಒಮ್ಮೆ ಪಾಠ ಓದಲು ಎದ್ದು ನಿಂತಾಗ ದನಿ ನಡುಗಿತು, ಇಡೀ ಕ್ಲಾಸು ನಕ್ಕಿತು. ಅಂದಿನಿಂದ ನಾಲ್ಕು ಜನರ ಮುಂದೆ ಬಾಯಿ ಬಿಡುವುದೆಂದರೆ ಎದೆ ಹೊಡೆದುಕೊಳ್ಳುತ್ತದೆ. ಮೀಟಿಂಗ್ ಇದೆಯೆಂದರೆ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ. ಯಾರಾದರೂ ನೋಡುತ್ತಿದ್ದರೆ ಸಹಿ ಹಾಕಲು, ಕಪ್ ಹಿಡಿದು ಕಾಫಿ ಕುಡಿಯಲು ಕೈ ನಡುಗುತ್ತದೆ. ಫೋನ್ ಬಂದರೆ ಎತ್ತದೆ ಆಮೇಲೆ ಮೆಸೇಜ್ ಮಾಡುತ್ತೇನೆ. ಹತ್ತು ವರ್ಷದಿಂದ ಮೀಟಿಂಗ್‌ಗಳಲ್ಲಿ ಕೂತರೂ ರೂಢಿಯಾಗಿಲ್ಲ. ತಂಡದ ಮುಖ್ಯಸ್ಥನ ಹುದ್ದೆ ಬಂದಾಗ ಬೇಡವೆಂದುಬಿಟ್ಟೆ. ಪಾರ್ಟಿಗೆ ಹೋಗುವ ಮುಂಚೆ ಎರಡು ಪೆಗ್ ಹಾಕಿಕೊಂಡರೆ ಮಾತ್ರ ನಾಲಿಗೆ ಹೊರಳುತ್ತದೆ. ಒಂದು ವರ್ಷದಿಂದ ಯಾವುದರಲ್ಲೂ ಆಸಕ್ತಿಯಿಲ್ಲ. ‘ನಿಮ್ಮದು ನಾಚಿಕೆ ಸ್ವಭಾವ, ಸ್ವಲ್ಪ ಧೈರ್ಯ ತಂದ್ಕೊಳ್ಳಿ’ ಎನ್ನುತ್ತಾಳೆ ಹೆಂಡತಿ. ಮೀಟಿಂಗ್‌ಗೆ ಮುಂಚೆ ನುಂಗುವ ಮಾತ್ರೆಯೊಂದಿದೆ ಎನ್ನುತ್ತಾನೆ ಗೆಳೆಯ. ಇದು ನಿಜವಾಗಿ ಕಾಯಿಲೆಯೇ? ಆ ಒಂದು ದಿನದಿಂದ ಹೀಗಾಯಿತೇ? ಇಷ್ಟು ವರ್ಷವಾದ ಮೇಲೆ ಗುಣವಾಗುತ್ತದೆಯೇ? ಆರು ವರ್ಷದ ಮಗಳೂ ಹೊಸಬರನ್ನು ಕಂಡರೆ ನನ್ನ ಹಿಂದೆ ಅವಿತುಕೊಳ್ಳುತ್ತಾಳೆ. ಅವಳಿಗೂ ಬರುತ್ತದೆಯೇ?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳ ಅಡಿಯಲ್ಲಿರುವ ದಿಗಿಲು ಒಂದೇ: ಹತ್ತೊಂಬತ್ತು ವರ್ಷ ಬೇರು ಬಿಟ್ಟದ್ದು ಈಗ ಹೋದೀತೇ ಎಂಬುದು. ಅದಕ್ಕೇ ಮೊದಲು ಉತ್ತರಿಸುತ್ತೇನೆ. ಸರಿಯಾದ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರಲ್ಲಿ ಇದು ಚೆನ್ನಾಗಿ ತಗ್ಗುತ್ತದೆ, ಕೆಲವರಲ್ಲಿ ಪೂರ್ತಿ ಹೋಗುತ್ತದೆ. ಎಷ್ಟು ವರ್ಷದಿಂದ ಇದೆ ಎಂಬುದು ನೀವು ಅಂದುಕೊಂಡಷ್ಟು ದೊಡ್ಡ ಅಡ್ಡಿಯಲ್ಲ. ಏಕೆಂದರೆ ಈ ಆತಂಕವನ್ನು ಹುಟ್ಟಿಸಿದ ಕಾರಣಗಳು ಬೇರೆ, ಇಂದಿಗೂ ಅದನ್ನು ಸಾಕುತ್ತಿರುವ ಕಾರಣಗಳು ಬೇರೆ. ಎಂಟನೇ ಕ್ಲಾಸಿನಲ್ಲಿ ಆದದ್ದನ್ನು ಯಾರೂ ಬದಲಿಸಲಾರರು. ಆದರೆ ಸಾಕುತ್ತಿರುವ ಅಭ್ಯಾಸಗಳು ಕಳೆದ ವಾರದ ಮೀಟಿಂಗಿನಲ್ಲೂ ಇದ್ದವು, ಮುಂದಿನ ವಾರದ್ದರಲ್ಲೂ ಇರುತ್ತವೆ. ಚಿಕಿತ್ಸೆ ಕೈ ಹಾಕುವುದು ಅವುಗಳಿಗೆ.

ಪತ್ರ ಓದಿ ರೋಗನಿರ್ಣಯ ಮಾಡಲಾಗದು. ಆದರೂ ನೀವು ಬರೆದಿರುವ ಚಿತ್ರ ಸಾಮಾಜಿಕ ಆತಂಕದ ಕಾಯಿಲೆಗೆ, ಅಂದರೆ ಸೋಶಿಯಲ್ ಆಂಕ್ಸೈಟಿ ಡಿಸಾರ್ಡರ್‌ಗೆ, ಬಹಳ ಹತ್ತಿರವಿದೆ. ಮನೋವೈದ್ಯರು ಇದನ್ನು ಗುರುತಿಸುವ ಬಗೆ ಹೀಗೆ: ಬೇರೆಯವರು ತನ್ನನ್ನು ಗಮನಿಸಿ ಅಳೆಯಬಹುದಾದ ಸಂದರ್ಭಗಳಲ್ಲಿ ತೀವ್ರ ಭಯ, ತಾನು ಆಡಿದ ಮಾತು ಅಥವಾ ಹೊರಗೆ ಕಾಣುವ ನಡುಕ, ಬೆವರಿನಿಂದ ನಗೆಪಾಟಲಾದೇನು ಎಂಬ ಅಂಜಿಕೆ, ಅಂಥ ಸಂದರ್ಭ ಬಂದಾಗಲೆಲ್ಲ ಹೆಚ್ಚುಕಡಿಮೆ ತಪ್ಪದೆ ಹೀಗಾಗುವುದು, ಅದನ್ನು ತಪ್ಪಿಸಿಕೊಳ್ಳುವುದು ಇಲ್ಲವೇ ಹಲ್ಲು ಕಚ್ಚಿ ಸಹಿಸುವುದು, ಭಯ ನಿಜವಾದ ಅಪಾಯಕ್ಕಿಂತ ಎಷ್ಟೋ ಹೆಚ್ಚಿರುವುದು, ಸಾಮಾನ್ಯವಾಗಿ 6 ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಮುಂದುವರಿಯುವುದು, ಮತ್ತು ಇದರಿಂದ ಓದು, ಕೆಲಸ, ಸಂಬಂಧಗಳಿಗೆ ಪೆಟ್ಟು ಬೀಳುವುದು. ಈ ಕೊನೆಯದೇ ನಾಚಿಕೆಗೂ ಕಾಯಿಲೆಗೂ ನಡುವಿನ ಗೆರೆ. ನಾಚಿಕೆಯ ಮನುಷ್ಯ ಹೊಸಬರ ನಡುವೆ ಹತ್ತು ನಿಮಿಷ ಬಿಗಿಯಾಗಿದ್ದು ಆಮೇಲೆ ಸಡಿಲಗೊಳ್ಳುತ್ತಾನೆ, ಮನೆಗೆ ಹೋಗಿ ಅದನ್ನು ಮರೆಯುತ್ತಾನೆ. ಒಂಟಿಯಾಗಿರುವುದನ್ನೇ ಇಷ್ಟಪಡುವವನು ಪಾರ್ಟಿಗೆ ಹೋಗದಿದ್ದರೆ ಅವನಿಗೆ ನೆಮ್ಮದಿ. ನಿಮಗೆ ಜನ ಬೇಕು, ಬಡ್ತಿಯೂ ಬೇಕಿತ್ತು. ಅವು ಬೇಕಿದ್ದೂ ‘ಬೇಡ’ ಎಂದಿರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಚುಚ್ಚಿದ ಸಾಲು ಅದು.

ಇದನ್ನು ಸ್ವಭಾವವೆಂದು ಭಾವಿಸಿದ್ದಕ್ಕೆ ನಿಮ್ಮನ್ನಾಗಲಿ ಪತ್ನಿಯವರನ್ನಾಗಲಿ ದೂರುವಂತಿಲ್ಲ. ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿದ್ದೇ 1980ರಲ್ಲಿ, ‘ಸೋಶಿಯಲ್ ಫೋಬಿಯಾ’ ಎಂಬ ಹೆಸರಿನಲ್ಲಿ. ಅದಾಗಿ ಐದು ವರ್ಷದ ನಂತರವೂ ಅಮೆರಿಕದ ಮನೋವೈದ್ಯ ಮೈಕೆಲ್ ಲೀಬೊವಿಟ್ಸ್ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಕಡೆಗಣಿಸಲಾದ ಆತಂಕ ಕಾಯಿಲೆ ಎಂದೇ ಕರೆಯಬೇಕಾಯಿತು. ಇಂದಿಗೂ ಈ ತೊಂದರೆಯುಳ್ಳವರಲ್ಲಿ ಅನೇಕರು ವೈದ್ಯರ ಬಳಿ ಬರುವುದು 15–20 ವರ್ಷ ಅನುಭವಿಸಿದ ಮೇಲೆ. ಬರುವ ಕಾರಣವೂ ಬಹುಪಾಲು ಬೇರೆಯದಾಗಿರುತ್ತದೆ: ಖಿನ್ನತೆ, ಕುಡಿತ, ನಿದ್ದೆಗೇಡು. ಅಪರಿಚಿತರ ಮುಂದೆ ಕೂತು ಮಾತಾಡುವುದೇ ಭಯವಾಗಿರುವ ಕಾಯಿಲೆಗೆ, ಅಪರಿಚಿತ ವೈದ್ಯರ ಮುಂದೆ ಕೂತು ಮಾತಾಡಿಯೇ ಚಿಕಿತ್ಸೆ ಶುರುವಾಗಬೇಕು. ಈ ತೊಡಕನ್ನು ನಾವು ವೃತ್ತಿಯಲ್ಲಿರುವವರು ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ.

ಇನ್ನು ವಯಸ್ಸಿನ ವಿಷಯ. ಎಂಟನೇ ಕ್ಲಾಸು ಎಂದಿರಿ, ಅಂದರೆ ಸುಮಾರು 13 ವರ್ಷ. ಅಮೆರಿಕದ ದೊಡ್ಡ ಸಮೀಕ್ಷೆಯಲ್ಲಿ ಈ ಕಾಯಿಲೆಯವರಲ್ಲಿ ಅರ್ಧದಷ್ಟು ಜನರಿಗೆ ಅದು ಶುರುವಾಗಿದ್ದೂ 13ರ ಸುಮಾರಿನೊಳಗೇ. ಹೆಚ್ಚಿನವರಲ್ಲಿ ಇದು 8ರಿಂದ 15 ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಬೇರೆ ಆತಂಕಗಳ ಜೊತೆ ಇಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟ. ನಾಯಿ, ಎತ್ತರ, ಕತ್ತಲೆಯಂಥ ನಿರ್ದಿಷ್ಟ ಭಯಗಳು ಸಾಮಾನ್ಯವಾಗಿ 7ರ ಆಸುಪಾಸಿನಲ್ಲಿ ಶುರುವಾದರೆ, ಇದ್ದಕ್ಕಿದ್ದಂತೆ ತೀವ್ರ ಗಾಬರಿ ಮುತ್ತುವ ಪ್ಯಾನಿಕ್ ಕಾಯಿಲೆ ಇಪ್ಪತ್ತರ ಹರೆಯದಲ್ಲಿ, ಎಲ್ಲದರ ಬಗ್ಗೆಯೂ ಸದಾ ಚಿಂತಿಸುವ ಸಾಮಾನ್ಯೀಕೃತ ಆತಂಕ ಮೂವತ್ತರ ಸುಮಾರಿಗೆ. ಸಾಮಾಜಿಕ ಆತಂಕ ಹರೆಯದ ಹೊಸ್ತಿಲಲ್ಲೇ ಬರುವುದಕ್ಕೆ ಅರ್ಥವಿದೆ. ತಾನು ಇನ್ನೊಬ್ಬರ ಕಣ್ಣಿಗೆ ಹೇಗೆ ಕಾಣುತ್ತೇನೆ ಎಂದು ಊಹಿಸುವ ಶಕ್ತಿ ಬಲಿಯುವುದು ಆ ವಯಸ್ಸಿನಲ್ಲಿ. ಅಪ್ಪ ಅಮ್ಮನ ಮೆಚ್ಚುಗೆಗಿಂತ ಓರಗೆಯವರ ಮೆಚ್ಚುಗೆ ದೊಡ್ಡದಾಗುವುದೂ ಆಗಲೇ. ಮೈ ಬದಲಾಗುತ್ತದೆ, ದನಿ ಒಡೆಯುತ್ತದೆ, ಶಾಲೆಯಲ್ಲಿ ಎದ್ದು ನಿಂತು ಓದು, ಉತ್ತರ ಹೇಳು ಎನ್ನುವುದು ಹೆಚ್ಚುತ್ತದೆ. ಆ ಹೊತ್ತಿಗೆ ಬೇರೂರಿದ ಅಂಜಿಕೆಯನ್ನು ಮನೆಯವರು ‘ದೊಡ್ಡವನಾದ, ಗಂಭೀರನಾದ’ ಎಂದುಕೊಳ್ಳುತ್ತಾರೆ. ಕ್ಲಾಸಿನಲ್ಲಿ ಸದ್ದಿಲ್ಲದೆ ಕೂರುವ ಮಗುವಿನ ಬಗ್ಗೆ ಯಾರೂ ದೂರು ಹೇಳುವುದಿಲ್ಲ, ಹಾಗಾಗಿ ಯಾರೂ ವಿಚಾರಿಸುವುದೂ ಇಲ್ಲ.

ಮೂವತ್ತು ದಾಟಿದ ಮೇಲೆ ಮೊದಲ ಬಾರಿಗೆ ಸಾಮಾಜಿಕ ಆತಂಕ ಶುರುವಾಗುವುದು ಅಪರೂಪ. ಆದಾಗಲೂ ಅದು ತೀವ್ರ ಅವಮಾನದ ಬೆನ್ನಿಗೆ, ಇಲ್ಲವೇ ಹೊಸ ಹುದ್ದೆ, ಹೊಸ ವಲಯದಂಥ ಬದಲಾವಣೆಯ ನಂತರ ಬರುವುದೇ ಹೆಚ್ಚು. ಅಂಥವರಲ್ಲಿ ನಾವು ಖಿನ್ನತೆ, ಪ್ಯಾನಿಕ್, ಥೈರಾಯ್ಡ್ ಏರಿಕೆ, ಕುಡಿತ ಇಳಿಯುವಾಗಿನ ನಡುಕ ಇವನ್ನೆಲ್ಲ ಮೊದಲು ಪರೀಕ್ಷಿಸುತ್ತೇವೆ. ನಿಮ್ಮ ವಿಷಯದಲ್ಲೂ ಒಂದನ್ನು ಗಮನಿಸಿ: ಮನೆಯಲ್ಲಿ ಒಬ್ಬರೇ ಇರುವಾಗ, ಯಾರೂ ನೋಡದಾಗ, ತುಂಬಿದ ಕಪ್ ಎತ್ತಿದರೆ ಕೈ ನಡುಗುತ್ತದೆಯೇ? ಆಗಲೂ ನಡುಗಿದರೆ, ಮನೆತನದಲ್ಲಿ ಬೇರೆಯವರಿಗೂ ಹಾಗಿದ್ದರೆ, ಅದು ಎಸೆನ್ಷಿಯಲ್ ಟ್ರೆಮರ್ ಎಂಬ ನರಸಂಬಂಧಿ ನಡುಕವಿರಬಹುದು. ಅದರ ಚಿಕಿತ್ಸೆಯೇ ಬೇರೆ. ಜನರ ಮುಂದೆ ಮಾತ್ರ ನಡುಗಿದರೆ ಆತಂಕದ ಕಡೆಗೇ ವಾಲುತ್ತದೆ.

ಆ ನಗುವೇ ಕಾರಣವೇ? ಒಂದೇ ಘಟನೆಯ ಮೇಲೆ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಅವಳಿಗಳ ಅಧ್ಯಯನಗಳ ಪ್ರಕಾರ ಈ ಆತಂಕದಲ್ಲಿ ಅನುವಂಶೀಯತೆಯ ಪಾಲು ಸುಮಾರು ಮೂರನೇ ಒಂದರಿಂದ ಅರ್ಧದಷ್ಟಿದೆ. ಅದರ ಜೊತೆಗೆ ಹುಟ್ಟಿನಿಂದಲೇ ಬರುವ, ಹೊಸತನ್ನು ಕಂಡರೆ ಹಿಂಜರಿಯುವ ಮನೋಧರ್ಮ, ಮನೆಯ ವಾತಾವರಣ, ಓರಗೆಯವರ ಕೀಟಲೆ ಎಲ್ಲ ಸೇರುತ್ತವೆ. ಎಷ್ಟೋ ಜನರಿಗೆ ‘ಆ ದಿನ’ ಎಂದು ತೋರಿಸಲು ಒಂದು ದಿನವೂ ಇರುವುದಿಲ್ಲ, ಆದರೂ ಕಾಯಿಲೆ ಇರುತ್ತದೆ. ನಿಮ್ಮ ಕ್ಲಾಸಿನಲ್ಲೇ ಬೇರೆಯವರನ್ನೂ ನೋಡಿ ನಕ್ಕಿರುತ್ತಾರೆ. ಅವರಲ್ಲಿ ಹೆಚ್ಚಿನವರು ಮರುದಿನ ಮತ್ತೆ ಎದ್ದು ಓದಿದರು, ಯಾರೂ ನಗಲಿಲ್ಲ, ಅಲ್ಲಿಗೆ ಮುಗಿಯಿತು. ನೀವು ಓದುವುದನ್ನು ತಪ್ಪಿಸಿಕೊಂಡಿರಿ. ಹಾಗಾಗಿ ‘ಬಾಯಿ ಬಿಟ್ಟರೆ ನಗುತ್ತಾರೆ’ ಎಂಬ 13 ವರ್ಷದ ಹುಡುಗನ ತೀರ್ಮಾನ ಒರೆಗೆ ಹತ್ತದೆ ಹಾಗೇ ಉಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರೋಣ. ಧೈರ್ಯ ತಂದುಕೊಂಡು ಎದುರಿಸಿದರೆ ಹೋಗುತ್ತದೆ ಎನ್ನುವುದು ನಿಜವಾಗಿದ್ದರೆ, ಹತ್ತು ವರ್ಷದ ಮೀಟಿಂಗ್‌ಗಳಲ್ಲಿ ನಿಮ್ಮ ಭಯ ಸವೆದುಹೋಗಬೇಕಿತ್ತು. ಯಾಕೆ ಹೋಗಲಿಲ್ಲ? 1995ರಲ್ಲಿ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನೋವಿಜ್ಞಾನಿಗಳು ಕೊಟ್ಟ ವಿವರಣೆ ಇಂದಿನ ಚಿಕಿತ್ಸೆಗೆ ತಳಪಾಯ. ಅದನ್ನು ನಿಮ್ಮ ಕಾಫಿ ಕಪ್ಪಿನ ಮೇಲೇ ಇಟ್ಟು ನೋಡೋಣ.

ಕಪ್ ಕೈಗೆ ಬಂತು. ‘ನಡುಗುತ್ತದೆ, ನೋಡುತ್ತಾರೆ’ ಎಂಬ ಯೋಚನೆ ಬಂದ ಕೂಡಲೇ ನಿಮ್ಮ ಗಮನ ಎದುರಿನವರಿಂದ ಕಿತ್ತು ನಿಮ್ಮ ಕೈಯೊಳಗೆ ಇಳಿಯುತ್ತದೆ. ಬೆರಳಿನ ಸಣ್ಣ ಕಂಪನವೂ ಒಳಗಿನಿಂದ ಭೂಕಂಪದಂತೆ ಗೊತ್ತಾಗುತ್ತದೆ. ನಿಮಗೆ ಎಷ್ಟು ಗೊತ್ತಾಗುತ್ತಿದೆಯೋ ಅವರಿಗೂ ಅಷ್ಟೇ ಕಾಣುತ್ತಿದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ತಡೆಯಲು ಹಿಡಿಯನ್ನು ಬಿಗಿ ಮಾಡುತ್ತೀರಿ, ಮೊಣಕೈಯನ್ನು ಪಕ್ಕೆಗೆ ಒತ್ತುತ್ತೀರಿ. ಬಿಗಿಹಿಡಿದ ಸ್ನಾಯು ಸಡಿಲ ಸ್ನಾಯುವಿಗಿಂತ ಹೆಚ್ಚು ನಡುಗುತ್ತದೆ, ಅಂದರೆ ತಡೆಯುವ ಪ್ರಯತ್ನವೇ ನಡುಕವನ್ನು ಹೆಚ್ಚಿಸುತ್ತದೆ. ಹಾಗಾಗಿ ಅರ್ಧ ಕಪ್ ಮಾತ್ರ ಹಾಕಿಸಿಕೊಳ್ಳುವುದು, ಎರಡೂ ಕೈಯಲ್ಲಿ ಹಿಡಿಯುವುದು, ಯಾರಾದರೂ ಈ ಕಡೆ ನೋಡಿದರೆ ಕೆಳಗಿಡುವುದು, ಎಲ್ಲರೂ ಎದ್ದ ಮೇಲೆ ಒಂದೇ ಗುಟುಕಿಗೆ ಮುಗಿಸುವುದು. ಮೀಟಿಂಗಿನಲ್ಲಿ ಇವುಗಳ ಸೋದರರಿವೆ: ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುವುದು, ಕ್ಯಾಮೆರಾ ಆಫ್ ಮಾಡುವುದು, ಮೂಲೆಯ ಕುರ್ಚಿ ಹಿಡಿಯುವುದು, ಗಡಿಬಿಡಿಯಲ್ಲಿ ಹೇಳಿ ಮುಗಿಸುವುದು, ಕಣ್ಣು ತಪ್ಪಿಸುವುದು. ಇವನ್ನು ನಾವು ರಕ್ಷಣಾ ವರ್ತನೆಗಳು ಎನ್ನುತ್ತೇವೆ.

ಇವುಗಳಿಂದ ಆಗುವ ಹಾನಿ ಎರಡು ಬಗೆಯದು. ಮೀಟಿಂಗ್ ಸುಸೂತ್ರವಾಗಿ ಮುಗಿದರೂ ‘ಏನೂ ಅನಾಹುತ ಆಗಲಿಲ್ಲ’ ಎಂದು ಮನಸ್ಸು ಕಲಿಯುವುದಿಲ್ಲ. ‘ಹೇಗೋ ಮುಚ್ಚಿಟ್ಟುಕೊಂಡೆ, ಬಚಾವಾದೆ’ ಎಂದು ಕಲಿಯುತ್ತದೆ. ಹತ್ತು ವರ್ಷ ಮೀಟಿಂಗ್‌ನಲ್ಲಿ ಕೂತರೂ ಭಯ ಸವೆಯದಿರುವುದಕ್ಕೆ ಕಾರಣ ಇದೇ. ಎರಡನೆಯದಾಗಿ, ಕಣ್ಣು ತಪ್ಪಿಸುವ, ತುಟಿ ಬಿಗಿದ, ಚುಟುಕಾಗಿ ಉತ್ತರಿಸುವ ಮನುಷ್ಯ ಎದುರಿನವರಿಗೆ ಬಿಗುಮಾನದವನಂತೆ ಕಾಣುತ್ತಾನೆ. ಅವರೂ ದೂರ ಸರಿಯುತ್ತಾರೆ. ‘ನೋಡು, ನನ್ನನ್ನು ಕಂಡರೆ ಆಗುವುದಿಲ್ಲ’ ಎಂಬುದಕ್ಕೆ ಸಾಕ್ಷಿ ಸಿಕ್ಕಿಬಿಡುತ್ತದೆ. ಇದರ ಹಿಂದೆ ಮುಂದೆ ಇನ್ನೆರಡು ಇವೆ: ಹಿಂದಿನ ರಾತ್ರಿ ಆಗಬಹುದಾದ ಅವಮಾನಗಳನ್ನೆಲ್ಲ ಮನಸ್ಸಿನಲ್ಲಿ ಓಡಿಸುವುದು, ಮುಗಿದ ಮೇಲೆ ಗಂಟೆಗಟ್ಟಲೆ ಕೂತು ಆಡಿದ ಒಂದೊಂದು ಮಾತನ್ನೂ ಕೆದಕುವುದು. ಕೆದಕುವಾಗ ನೆನಪಿಗೆ ಬರುವುದು ಎದುರಿನವರ ಮುಖವಲ್ಲ, ನಿಮ್ಮ ಒಳಗಾದ ಮುಜುಗರ. ಹಾಗಾಗಿ ಪ್ರತಿ ಸಲದ ನೆನಪೂ ನಡೆದದ್ದಕ್ಕಿಂತ ಕೆಟ್ಟದಾಗಿಯೇ ದಾಖಲಾಗುತ್ತದೆ.

ಜನ ನಮ್ಮನ್ನು ಎಷ್ಟು ಗಮನಿಸುತ್ತಾರೆ ಎಂಬುದರ ಬಗ್ಗೆ 2000ದಲ್ಲಿ ಮನೋವಿಜ್ಞಾನಿ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದಿದೆ. ಮುಜುಗರ ತರುವ ಚಿತ್ರವಿರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಚಿತ್ರವನ್ನು ಗುರುತಿಸಿರುತ್ತಾರೆ ಎಂದು ತೊಟ್ಟವರು ಊಹಿಸಿದರು. ನಿಜಕ್ಕೂ ಗುರುತಿಸಿದವರು ನಾಲ್ಕನೇ ಒಂದು ಭಾಗದಷ್ಟು. ಅವರು ಕಾಯಿಲೆಯಿಲ್ಲದ ಸಾಮಾನ್ಯ ವಿದ್ಯಾರ್ಥಿಗಳು. ಆತಂಕವಿದ್ದವರ ಊಹೆ ಇನ್ನೂ ಹಿಗ್ಗಿರುತ್ತದೆ.

ಒಂದು ವರ್ಷದಿಂದ ಆಸಕ್ತಿಯೇ ಇಲ್ಲ ಎಂದಿರಿ, ಎರಡು ಪೆಗ್ ಎಂದಿರಿ. ಇವನ್ನು ಬೇರೆ ಬೇರೆ ಸಮಸ್ಯೆಗಳೆಂದು ನೋಡಬೇಡಿ. ಸಾಮಾಜಿಕ ಆತಂಕ ಚಿಕ್ಕ ವಯಸ್ಸಿನಲ್ಲಿ ಬಂದು ಕೂತ ಮೇಲೆ, ವರ್ಷಗಳ ನಂತರ ಅದರ ಬೆನ್ನಿಗೆ ಖಿನ್ನತೆ ಮತ್ತು ಕುಡಿತ ಬರುವುದೇ ಹೆಚ್ಚಾಗಿ ಕಾಣುವ ಕ್ರಮ. ಅವಕಾಶಗಳು ಕೈ ತಪ್ಪುತ್ತವೆ, ಒಂಟಿತನ ಹೆಚ್ಚುತ್ತದೆ, ತನ್ನ ಮೇಲೇ ಜಿಗುಪ್ಸೆ ಬರುತ್ತದೆ. ಅಲ್ಲಿಂದ ಖಿನ್ನತೆಗೆ ದಾರಿ ದೂರವಿಲ್ಲ. ದಿನದ ಹೆಚ್ಚಿನ ಹೊತ್ತು ಮಂಕು, ಹಸಿವು ನಿದ್ದೆಯಲ್ಲಿ ಏರುಪೇರು, ಸುಸ್ತು, ‘ನಾನು ಯಾವುದಕ್ಕೂ ಬಾರದವನು’ ಎಂಬ ಭಾವ ಎರಡು ವಾರಕ್ಕಿಂತ ಹೆಚ್ಚು ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಖಿನ್ನತೆ ತೀವ್ರವಿದ್ದರೆ ಅದನ್ನೇ ಮೊದಲು ಹಿಡಿಯಬೇಕಾಗುತ್ತದೆ, ಇಲ್ಲದಿದ್ದರೆ ಮುಂದೆ ಹೇಳುವ ಅಭ್ಯಾಸಗಳನ್ನು ಮಾಡಲು ಮೈಯಲ್ಲಿ ಕಸುವೇ ಇರುವುದಿಲ್ಲ. ಬದುಕುವುದೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅಂದೇ ಪತ್ನಿಯವರಿಗೆ ಹೇಳಿ, ಅವರನ್ನೇ ಕರೆದುಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಕುಡಿತದ ಬಗ್ಗೆ ನೇರವಾಗಿ ಹೇಳುತ್ತೇನೆ. ಅದು ಕೆಲಸ ಮಾಡುತ್ತದೆ, ಅದೇ ತೊಂದರೆ. ಅರ್ಧ ಗಂಟೆಯಲ್ಲಿ ಬಿಗಿತ ಸಡಿಲವಾಗುತ್ತದೆ, ಮಾತು ಹರಿಯುತ್ತದೆ, ಪಾರ್ಟಿ ಚೆನ್ನಾಗಿ ಆದ ಶ್ರೇಯಸ್ಸೆಲ್ಲ ಪೆಗ್ಗಿಗೆ ಹೋಗುತ್ತದೆ. ನಿಮ್ಮಿಂದ ಆಗುತ್ತದೆ ಎಂಬ ಅನುಭವ ನಿಮಗೆ ದಕ್ಕುವುದೇ ಇಲ್ಲ. ಅಮಲು ಇಳಿದ ಮರುದಿನ ಆತಂಕ ಹೆಚ್ಚೇ ಇರುತ್ತದೆ, ನಿನ್ನೆ ಏನು ಮಾತಾಡಿದೆನೋ ಎಂಬ ಕೆದಕಾಟವೂ ಸೇರುತ್ತದೆ. ಕಾಲಕ್ರಮೇಣ ಎರಡು ಪೆಗ್ ಸಾಲದಾಗುತ್ತದೆ. ಈ ಕಾಯಿಲೆಯವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಕುಡಿತವೂ ಸಮಸ್ಯೆಯಾಗಿರುತ್ತದೆ. ಅಕಸ್ಮಾತ್ ನೀವು ದಿನವೂ ಹೆಚ್ಚು ಕುಡಿಯುವ ಹಂತಕ್ಕೆ ಹೋಗಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ. ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ನಿಗಾದಲ್ಲಿ ಇಳಿಸಬೇಕು.

ಚಿಕಿತ್ಸೆಗಳಲ್ಲಿ ಮೊದಲ ಆಯ್ಕೆ, ಈ ಆತಂಕಕ್ಕೆಂದೇ ರೂಪಿಸಿದ ವೈಯಕ್ತಿಕ ಸಿಬಿಟಿ, ಅಂದರೆ ಯೋಚನೆ ಮತ್ತು ವರ್ತನೆ ಎರಡರ ಮೇಲೂ ಕೆಲಸ ಮಾಡುವ ಮನೋಚಿಕಿತ್ಸೆ. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಇದಕ್ಕೇ ಮೊದಲ ಸ್ಥಾನ. ಕ್ಲಾರ್ಕ್–ವೆಲ್ಸ್ ಕ್ರಮದಲ್ಲಿ 90 ನಿಮಿಷದ ಭೇಟಿಗಳು, ಹೆಚ್ಚೆಂದರೆ 14, ಸುಮಾರು ನಾಲ್ಕು ತಿಂಗಳಲ್ಲಿ. ಬರಿಯ ಸಮಾಧಾನದ ಮಾತು, ಬಾಲ್ಯದ ಕಥೆ ಕೇಳುವುದು, ದೀರ್ಘ ಉಸಿರಾಟ ಇಷ್ಟರಲ್ಲೇ ತಿಂಗಳುಗಳು ಕಳೆಯುತ್ತಿದ್ದರೆ ‘ನಾವು ಹೊರಗೆ ಹೋಗಿ ಪ್ರಯೋಗ ಮಾಡುವುದು ಯಾವಾಗ?’ ಎಂದು ಕೇಳುವ ಹಕ್ಕು ನಿಮಗಿದೆ. ಉಸಿರಾಟದ ಅಭ್ಯಾಸ ಕೆಟ್ಟದ್ದೇನಲ್ಲ. ಆದರೆ ಮೀಟಿಂಗಿನ ನಡುವೆ ಉಸಿರು ಎಣಿಸುತ್ತಾ ಕೂತರೆ ಅದೂ ಇನ್ನೊಂದು ರಕ್ಷಣಾ ವರ್ತನೆಯಾಗಿಬಿಡುತ್ತದೆ.

ಪ್ರಯೋಗ ಎಂದರೆ ಹೇಗೆ? ಕಪ್ಪಿನದನ್ನೇ ತೆಗೆದುಕೊಳ್ಳಿ. ಮೊದಲು ಒಂದು ಹಾಳೆಯಲ್ಲಿ ನಿಮ್ಮ ಭವಿಷ್ಯವಾಣಿ ಬರೆಯಿರಿ: ‘ಕೈ ನಡುಗುತ್ತದೆ, ಇಬ್ಬರಾದರೂ ದಿಟ್ಟಿಸುತ್ತಾರೆ, ಒಬ್ಬರು ಕೇಳಿಯೇ ಕೇಳುತ್ತಾರೆ.’ ಎಷ್ಟು ಖಾತ್ರಿ? ಶೇಕಡಾ 80 ಎಂದು ಬರೆಯಿರಿ. ಒಂದು ದಿನ ಎಂದಿನಂತೆ ಎಲ್ಲ ರಕ್ಷಣೆಗಳೊಂದಿಗೆ ಕುಡಿಯಿರಿ: ಅರ್ಧ ಕಪ್, ಎರಡು ಕೈ, ಗಮನ ಕೈಯ ಮೇಲೆ. ಇನ್ನೊಂದು ದಿನ ತುಂಬಿದ ಕಪ್, ಒಂದೇ ಕೈ, ಹಿಡಿ ಸಡಿಲ, ಕಣ್ಣು ಎದುರಿನವರ ಮುಖದ ಮೇಲೆ, ಕಿವಿ ಅವರ ಮಾತಿನ ಮೇಲೆ. ಎರಡರಲ್ಲೂ ನಡುಕ ಎಷ್ಟಿತ್ತು, ಯಾರು ಏನು ಮಾಡಿದರು ಎಂದು ಬರೆಯಿರಿ. ಬಹಳಷ್ಟು ಜನರಿಗೆ ಇಲ್ಲಿಯೇ ಮೊದಲ ಅಚ್ಚರಿ: ರಕ್ಷಣೆ ಬಿಟ್ಟ ದಿನವೇ ನಡುಕ ಕಡಿಮೆ. ಮುಂದಿನ ಮೆಟ್ಟಿಲು ಇನ್ನೂ ಕಷ್ಟದ್ದು. ಬೇಕೆಂದೇ ಕೈ ನಡುಗಿಸಿ, ಸ್ವಲ್ಪ ಕಾಫಿ ತಟ್ಟೆಗೆ ಚೆಲ್ಲಿ, ಸುತ್ತಲಿನವರನ್ನು ಗಮನಿಸುವುದು. ಒಬ್ಬರು ಟಿಶ್ಯೂ ಕೊಟ್ಟು ಮಾತು ಮುಂದುವರಿಸಿಯಾರು, ಅಷ್ಟೇ. ಚೆಲ್ಲಿದರೂ ಆಕಾಶ ಕಳಚಿ ಬೀಳುವುದಿಲ್ಲ ಎಂಬುದು ಮೈಗೆ ಗೊತ್ತಾದ ಮೇಲೆ, ಚೆಲ್ಲದಂತೆ ನೋಡಿಕೊಳ್ಳುವ ತವಕವೇ ತಣ್ಣಗಾಗುತ್ತದೆ.

ಮೀಟಿಂಗಿಗೆ ವಿಡಿಯೋ ಬಳಸುತ್ತೇವೆ. ಐದು ನಿಮಿಷ ಮಾತಾಡಿ ಚಿತ್ರೀಕರಿಸಿ. ನೋಡುವ ಮುಂಚೆ ‘ಮುಖ ಎಷ್ಟು ಕೆಂಪಾಗಿ ಕಾಣುತ್ತದೆ, ದನಿ ಎಷ್ಟು ನಡುಗಿರುತ್ತದೆ’ ಎಂದು ಹತ್ತಕ್ಕೆ ಅಂಕ ಹಾಕಿ. ಆಮೇಲೆ ಗುರುತೇ ಇಲ್ಲದ ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ನೋಡಿ. ಒಳಗೆ ಒಂಬತ್ತು ಎನಿಸಿದ್ದು ಪರದೆಯ ಮೇಲೆ ಮೂರೋ ನಾಲ್ಕೋ ಆಗಿರುವುದೇ ಸಾಮಾನ್ಯ. ಫೋನಿಗೆ, ವಾರದಲ್ಲಿ ನಾಲ್ಕೈದು ದಿನ, ದಿನಕ್ಕೊಂದು ಕರೆ: ಅಂಗಡಿಗೆ ಫೋನ್ ಮಾಡಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತೀರಿ ಎಂದು ಕೇಳುವುದರಿಂದ ಶುರು ಮಾಡಿ. ಏನು ಹೇಳಬೇಕೆಂದು ಬರೆದಿಟ್ಟುಕೊಳ್ಳಬೇಡಿ.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ಉತ್ಸಾಹದಲ್ಲಿ ಮೊದಲ ದಿನವೇ ಇನ್ನೂರು ಜನರ ಮುಂದೆ ಭಾಷಣಕ್ಕೆ ನಿಂತು, ತತ್ತರಿಸಿ, ಮುಂದೆ ಆರು ತಿಂಗಳು ಏನೂ ಮಾಡದವರಿದ್ದಾರೆ. ಆತಂಕ ತುದಿಗೇರಿದ ಕ್ಷಣದಲ್ಲೇ ಎದ್ದು ಹೋದರೆ ತಪ್ಪಿಸಿಕೊಳ್ಳುವುದೇ ಇನ್ನಷ್ಟು ಗಟ್ಟಿಯಾಗುತ್ತದೆ. ನೀವು ಬರೆದ ಭವಿಷ್ಯವಾಣಿ ನಿಜವೋ ಸುಳ್ಳೋ ಗೊತ್ತಾಗುವವರೆಗೆ ಅಲ್ಲೇ ಇರಬೇಕು. ಹೆಚ್ಚಿನವರು ಎಡವುವುದು ಅಳತೆಯಲ್ಲಿ. ‘ಇವತ್ತೂ ಎದೆ ಹೊಡೆದುಕೊಂಡಿತು, ಹಾಗಾದರೆ ಸೋತೆ’ ಎನ್ನುತ್ತಾರೆ. ಎದೆ ಹೊಡೆದುಕೊಳ್ಳಲಿ. ನೀವು ಹೆದರಿದ್ದು ಆಯಿತೇ ಇಲ್ಲವೇ ಎಂಬುದಷ್ಟೇ ಆ ದಿನದ ಲೆಕ್ಕ. ಮನೆಗೆ ಬಂದು ಕೆದಕಾಟ ಶುರುವಾದರೆ ಹಾಳೆಯಲ್ಲಿ ಫಲಿತಾಂಶ ಬರೆದು ಮುಚ್ಚಿಟ್ಟು ಬೇರೆ ಕೆಲಸಕ್ಕೆ ಏಳಿ.

ಔಷಧಿಗಳ ವಿಷಯ. ಸಿಬಿಟಿ ಸಿಗದಿದ್ದರೆ, ಬೇಡವೆನಿಸಿದರೆ ಅಥವಾ ಅದರಿಂದ ಸಾಕಷ್ಟು ಗುಣ ಕಾಣದಿದ್ದರೆ ಎಸ್‌ಎಸ್‌ಆರ್‌ಐ ಎಂಬ, ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಔಷಧಿಗಳ ಗುಂಪಿನ ಎಸ್ಸಿಟಾಲೊಪ್ರಾಮ್ ಅಥವಾ ಸೆರ್ಟ್ರಾಲಿನ್ ಸಾಮಾನ್ಯ ಆಯ್ಕೆ. ಖಿನ್ನತೆ ಜೊತೆಗಿದ್ದರೆ ಎರಡಕ್ಕೂ ಒಂದೇ ಔಷಧಿ ಆಗುತ್ತದೆಯಾದ್ದರಿಂದ, ನಿಮ್ಮ ವೈದ್ಯರು ಇದನ್ನು ಮೊದಲೇ ಸೂಚಿಸಿದರೆ ಅಚ್ಚರಿಪಡಬೇಡಿ. ಕಡಿಮೆ ಪ್ರಮಾಣದಲ್ಲಿ ಶುರು ಮಾಡುತ್ತಾರೆ, ಎಸ್ಸಿಟಾಲೊಪ್ರಾಮ್ ಆದರೆ 5 ಅಥವಾ 10 ಮಿ.ಗ್ರಾಂ, ಗರಿಷ್ಠ 20. ಮೊದಲ ಒಂದೆರಡು ವಾರ ವಾಕರಿಕೆ, ತಲೆನೋವು, ನಿದ್ದೆಯಲ್ಲಿ ವ್ಯತ್ಯಾಸ, ಕೆಲವರಿಗೆ ಚಡಪಡಿಕೆ ಹೆಚ್ಚಾದಂತೆಯೂ ಆಗಬಹುದು. ಗುಣ ಕಾಣುವುದು ನಾಲ್ಕರಿಂದ ಆರು ವಾರಕ್ಕೆ, ಪೂರ್ತಿ ಪರಿಣಾಮ ತಿಳಿಯಲು ಹನ್ನೆರಡು ವಾರ ಬೇಕು. ‘ಹತ್ತು ದಿನ ತೆಗೆದುಕೊಂಡೆ, ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು. ಲೈಂಗಿಕ ಆಸಕ್ತಿ ಕುಗ್ಗುವುದು, ಸ್ಖಲನ ತಡವಾಗುವುದು ಇದರಲ್ಲಿ ಸಾಮಾನ್ಯ. ನಾಚಿಕೆಯಿಂದ ಹೇಳದೆ ಮಾತ್ರೆ ಬಿಡುವುದಕ್ಕಿಂತ ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧಿಯನ್ನೋ ಬದಲಿಸಬಹುದು. 25ಕ್ಕಿಂತ ಕಿರಿಯರಲ್ಲಿ ಶುರುವಿನ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆಗಳ ಮೇಲೆ ವಿಶೇಷ ನಿಗಾ ಬೇಕು. ನಿಮಗಾಗಲಿ ಮನೆತನದಲ್ಲಾಗಲಿ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ಕಾಯಿಲೆ) ಇದ್ದರೆ ಮೊದಲೇ ತಿಳಿಸಿ. ಗುಣ ಕಂಡ ಮೇಲೆ ಕನಿಷ್ಠ ಇನ್ನೂ ಆರು ತಿಂಗಳು ಮುಂದುವರಿಸಿ, ನಂತರ ನಿಧಾನವಾಗಿ ಇಳಿಸುತ್ತಾರೆ. ಜೀವನಪೂರ್ತಿ ಬೇಕು ಎಂಬುದು ತಪ್ಪು ಕಲ್ಪನೆ. ಆದರೆ ಒಮ್ಮೆಗೇ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂಥ ಅನುಭವ, ಸಿಡುಕು ಕಾಣುತ್ತವೆ. ಮಾತ್ರೆ ನಿಲ್ಲಿಸಿದ ನಂತರ ಆತಂಕ ಮರಳುವ ಸಾಧ್ಯತೆ ಸಿಬಿಟಿ ಮುಗಿಸಿದವರಿಗಿಂತ ಹೆಚ್ಚು. ಎರಡೂ ಸಿಗುವಂತಿದ್ದರೆ ಸಿಬಿಟಿಯ ಪರ ನನ್ನ ಒಲವಿಗೆ ಇದೇ ಕಾರಣ.

ಗೆಳೆಯ ಹೇಳಿದ್ದು ಬಹುಶಃ ಪ್ರೊಪ್ರಾನೊಲಾಲ್. ಅದು ಎದೆಬಡಿತ, ನಡುಕವನ್ನು ತಗ್ಗಿಸುತ್ತದೆ, ಯೋಚನೆಯನ್ನು ಮುಟ್ಟುವುದಿಲ್ಲ. ವೇದಿಕೆ, ಭಾಷಣಕ್ಕಷ್ಟೇ ಸೀಮಿತವಾದ ಸಭಾಕಂಪನಕ್ಕೆ 10ರಿಂದ 40 ಮಿ.ಗ್ರಾಂ, ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಎಂದು ಬಳಕೆಯಲ್ಲಿದೆ. ನಿಮ್ಮ ಹಾಗೆ ಫೋನು, ಸಹಿ, ಪಾರ್ಟಿ ಎಲ್ಲಕ್ಕೂ ಹರಡಿದ ಆತಂಕಕ್ಕೆ ಅದರಿಂದ ಉಪಯೋಗವಿಲ್ಲ. ಆಸ್ತಮಾ ಇರುವವರಿಗೆ ಅದು ಅಪಾಯಕಾರಿ; ನಾಡಿಬಡಿತ ಅಥವಾ ರಕ್ತದೊತ್ತಡ ಕಡಿಮೆ ಇರುವವರಿಗೂ ಆಗದು; ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿದ ಸೂಚನೆಗಳನ್ನೇ ಮರೆಮಾಚುತ್ತದೆ. ಗೆಳೆಯನ ಡಬ್ಬಿಯಿಂದ ನುಂಗಬೇಡಿ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ ಶಾಮಕ ಮಾತ್ರೆಗಳು ಬೇಗ ಶಮನ ಕೊಡುತ್ತವೆ, ಬೇಗ ಚಟವೂ ಆಗುತ್ತವೆ, ಸಿಬಿಟಿಯಲ್ಲಿ ಕಲಿಯಬೇಕಾದದ್ದನ್ನು ಮಂಕುಗೊಳಿಸುತ್ತವೆ. ಕುಡಿತದ ಜೊತೆ ಸೇರಿದರೆ ಉಸಿರಾಟವೇ ಕುಗ್ಗುವ ಅಪಾಯವಿದೆ. ಎರಡು ಪೆಗ್ಗಿನ ಅಭ್ಯಾಸವಿರುವ ನಿಮಗೆ ಇವು ಬೇಡ ಎಂದೇ ಹೇಳುತ್ತೇನೆ. ಬೆವರು, ಮುಖ ಕೆಂಪೇರುವುದಕ್ಕೆ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯ ಜಾಹೀರಾತು ಕಂಡರೆ ಆ ಕಡೆ ತಲೆ ಹಾಕಬೇಡಿ. ಈ ಆತಂಕಕ್ಕೆ ಅದನ್ನು ಮಾಡಬಾರದೆಂದು ನೈಸ್ ಮಾರ್ಗಸೂಚಿ ಸ್ಪಷ್ಟವಾಗಿಯೇ ಹೇಳುತ್ತದೆ.

ಮಗಳ ವಿಷಯದಲ್ಲಿ ಸದ್ಯ ಗಾಬರಿಗೆ ಕಾರಣವಿಲ್ಲ. ಆರು ವರ್ಷಕ್ಕೆ ಹೊಸಬರನ್ನು ಕಂಡು ಅಪ್ಪನ ಹಿಂದೆ ಅವಿತುಕೊಳ್ಳುವುದು ಮಕ್ಕಳ ರೀತಿ. ಸುಮಾರು 15–20 ಶೇಕಡಾ ಮಕ್ಕಳು ಹಿಂಜರಿಕೆಯ ಮನೋಧರ್ಮದೊಂದಿಗೇ ಹುಟ್ಟುತ್ತಾರೆ. ಅಂಥ ಮಕ್ಕಳಿಗೆ ಮುಂದೆ ಈ ಆತಂಕದ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು ಎಂಬುದು ನಿಜ, ಬಂದೇ ಬರುತ್ತದೆ ಎಂದೇನಿಲ್ಲ. ನೀವು ನೋಡಬೇಕಾದ್ದು ಅವಳು ತನ್ನ ಓರಗೆಯ ಮಕ್ಕಳ ಜೊತೆ ಹೇಗಿದ್ದಾಳೆ ಎಂದು. ಮಕ್ಕಳಲ್ಲಿ ಈ ಕಾಯಿಲೆ ಎನ್ನಬೇಕಾದರೆ ಭಯ ದೊಡ್ಡವರ ಮುಂದೆ ಮಾತ್ರ ಇದ್ದರೆ ಸಾಲದು, ಸಮವಯಸ್ಕರ ನಡುವೆಯೂ ಇರಬೇಕು. ಮಕ್ಕಳು ಭಯವಾಗುತ್ತಿದೆ ಎನ್ನುವುದಿಲ್ಲ. ಅಳು, ರಂಪ, ಮರಗಟ್ಟಿ ನಿಲ್ಲುವುದು, ಶಾಲೆಯ ದಿನ ಹೊಟ್ಟೆನೋವು ಹೀಗೆ ಹೊರಬರುತ್ತದೆ. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು ಶಾಲೆಯಲ್ಲಿ, ಸೇರಿದ ಮೊದಲ ತಿಂಗಳ ನಂತರವೂ, ತುಟಿ ಬಿಚ್ಚದಿದ್ದರೆ ಅದು ಸೆಲೆಕ್ಟಿವ್ ಮ್ಯೂಟಿಸಂ ಆಗಿರಬಹುದು, ಕಾಯದೆ ತೋರಿಸಿ.

ಯಾರಾದರೂ ಅವಳ ಹೆಸರು ಕೇಳಿದಾಗ ನೀವು ಹೇಳಿಬಿಡಬೇಡಿ. ಐದು ಸೆಕೆಂಡ್ ಕಾಯಿರಿ, ಹೇಳದಿದ್ದರೆ ‘ಇದಾ, ಅದಾ’ ಎಂದು ಆಯ್ಕೆ ಕೊಡುವ ಸುಲಭದ ಪ್ರಶ್ನೆಯೊಂದನ್ನು ನೀವೇ ಕೇಳಿ, ಮತ್ತೆ ಕಾಯಿರಿ. ಅವಳ ಎದುರು ‘ಇವಳಿಗೆ ನಾಚಿಕೆ ಜಾಸ್ತಿ’ ಎಂದು ಪರಿಚಯಿಸಬೇಡಿ. ಹಾಡು, ಕುಣಿ ಎಂದು ಎಲ್ಲರ ಮುಂದೆ ಎಳೆದು ನಿಲ್ಲಿಸುವುದೂ ಬೇಡ. ನೀವು ಫೋನ್ ಎತ್ತದಿರುವುದನ್ನು ಅವಳು ದಿನವೂ ನೋಡುತ್ತಿದ್ದಾಳೆ. ನಿಮ್ಮ ಪ್ರಯೋಗಗಳಲ್ಲಿ ಅಂಗಡಿಗೆ ಮಾಡುವ ಕರೆಯನ್ನು ಅವಳಿಗೆ ಕೇಳುವಂತೆ ಮಾಡಿ.

ಪತ್ನಿಯವರು ಮಾಡಬಹುದಾದದ್ದೂ ಇದೆ. ನಿಮ್ಮ ಪರವಾಗಿ ಫೋನ್ ಮಾಡುವುದನ್ನು, ನೆಪ ಹೇಳುವುದನ್ನು ನಿಮ್ಮೊಂದಿಗೆ ಮಾತಾಡಿಕೊಂಡೇ ಹಂತಹಂತವಾಗಿ ನಿಲ್ಲಿಸಲಿ. ಧೈರ್ಯ ತಂದುಕೋ ಎನ್ನುವ ಬದಲು ‘ಇವತ್ತಿನ ಹಾಳೆಯಲ್ಲಿ ಏನು ಬರೆದಿರಿ?’ ಎಂದು ಕೇಳಲಿ.

ಮನೋವೈದ್ಯರ ಮೊದಲ ಭೇಟಿಗೆ ಅಪಾಯಿಂಟ್‌ಮೆಂಟನ್ನು ಬೇಕಾದರೆ ಮೆಸೇಜ್ ಮೂಲಕವೇ ತೆಗೆದುಕೊಳ್ಳಿ, ಆ ಒಂದು ವಿನಾಯಿತಿ ಇರಲಿ. ಹೋಗುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಶುರುವಾದ ವಯಸ್ಸು, ತಪ್ಪಿಸಿಕೊಳ್ಳುವ ಸಂದರ್ಭಗಳು, ವಾರಕ್ಕೆ ಎಷ್ಟು ದಿನ, ಎಷ್ಟು ಕುಡಿತ, ಕಡಿಮೆ ಮಾಡದೆ ನಿಜವಾದ ಲೆಕ್ಕ, ಮಂಕು ಎಂದಿನಿಂದ, ಸಾಯುವ ಯೋಚನೆ ಬಂದದ್ದಿದ್ದರೆ ಅದು, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು, ದಿನಕ್ಕೆಷ್ಟು ಕಪ್ ಕಾಫಿ, ಆಸ್ತಮಾ, ಥೈರಾಯ್ಡ್, ಸಕ್ಕರೆ ಕಾಯಿಲೆ ಇವೆಯೇ, ಮನೆತನದಲ್ಲಿ ಯಾರಿಗೆ ಏನು. ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸದಿದ್ದರೆ ಮಾಡಿಸಬೇಕೇ ಎಂದು ಕೇಳಿ. ಅಲ್ಲಿ ಗಂಟಲು ಕಟ್ಟಿದರೆ ಹಾಳೆಯನ್ನು ಅವರ ಕೈಗೆ ಕೊಡಿ, ಓದಿಕೊಂಡು ಅವರೇ ಶುರು ಮಾಡುತ್ತಾರೆ. ಮೊದಲ ಭೇಟಿಯಲ್ಲೇ, ಈ ಆತಂಕ ಎಷ್ಟಿದೆ ಎಂದು ಅಳೆಯುವ ಲೀಬೊವಿಟ್ಸ್ ಮಾಪನವೆಂಬ ಪ್ರಶ್ನಾವಳಿಯನ್ನು ತುಂಬಿಸಿಕೊಳ್ಳಲು ಹೇಳಿ. ಅದರಲ್ಲಿ 24 ಸಂದರ್ಭಗಳಿದ್ದು ಭಯಕ್ಕೂ ತಪ್ಪಿಸಿಕೊಳ್ಳುವಿಕೆಗೂ ಬೇರೆ ಬೇರೆಯಾಗಿ 0ಯಿಂದ 3ರವರೆಗೆ ಅಂಕ ಹಾಕಬೇಕು. ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿದರೆ, ಹಿಡಿದ ದಾರಿ ಕೆಲಸ ಮಾಡುತ್ತಿದೆಯೇ ಅಥವಾ ಬದಲಿಸಬೇಕೇ ಎಂಬುದು ನಿಮಗೂ ನಿಮ್ಮ ವೈದ್ಯರಿಗೂ ಅಂಕಿಗಳಲ್ಲೇ ಕಾಣುತ್ತದೆ.